ಚೀಲ ಎಂಪಿ4, ಒಳಗೇನಿದೆ ಸ್ವಾಮಿ?

ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನಿಗೆ ಈ ಸಲ ವಿಡಿಯೋದ ಹುಚ್ಚು ಹಿಡಿಯಿತು. ಮೂರು ನಿಮಿಷದ ಜಾಹೀರಾತು. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಸೆರಗು ಸ್ಲೋ ಮೋಷನ್ನಿನಲ್ಲಿ ಹಾರಿತು. ಮಗ್ಗ ಕಂಡದ್ದು ಎರಡೇ ಸೆಕೆಂಡು. ಮಗ್ಗಕ್ಕೆ ಗ್ಲಾಮರ್ ಇಲ್ಲವಂತೆ.

ವಿಡಿಯೋ ಹುಡುಗ ಪೆನ್‌ಡ್ರೈವ್ ತಂದಿಟ್ಟ. "ಫೋರ್ ಕೆ ಐತ್ರಿ ಕಾಕಾರ. ಪ್ರೋರೆಸ್. ಮಾಸ್ಟರ್ ಕ್ವಾಲಿಟಿ!"

ಮೂರು ನಿಮಿಷಕ್ಕೆ 16 ಜಿಬಿ. ಪ್ರೋರೆಸ್ ಎಡಿಟಿಂಗ್ ಮೇಜಿಗೆಂದು ಮಾಡಿದ ಸರಕು. ನೋಡಬೇಕಾದವನು ಸೊಲ್ಲಾಪುರದ ಗಿರಾಕಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಅಂಗೈಯಗಲದ ಫೋನಿನಲ್ಲಿ. ಅವನನ್ನು ಕೇಳುವವರಾರು? ಬಿಲ್ಲು ಬರೆಯುವುದು 'ಕೆ' ಲೆಕ್ಕದಲ್ಲಿ.

ಬೈಸಿಕೊಂಡು ಮರುದಿನ ಬಂದ. "ಎಂಪಿ4 ಮಾಡೀನ್ರಿ. ಎಲ್ಲಾ ಕಡೆ ಓಡತೈತಿ."

ಓಡಿತು. ಹುನಗುಂದದ ತಮ್ಮನ ಕಂಪ್ಯೂಟರಿನಲ್ಲಿ ಶಹನಾಯಿ ಕೇಳಿತು, ಪರದೆ ಕಪ್ಪು. ಬಾಗಲಕೋಟೆ ನವನಗರದ ತಂಗಿಯ ಫೋನು "ಸಪೋರ್ಟ್ ಇಲ್ಲ" ಎಂದು ಕೈಚೆಲ್ಲಿತು. ಹುಡುಗನ ಐಫೋನಿನಲ್ಲಿ ಮಾತ್ರ ಸುಂದರ!

ಎಂಪಿ4 ಎಂದರೆ ಚೀಲ, ಅಷ್ಟೇ. ಒಳಗಿನ ನೇಯ್ಗೆ ಬೇರೆ. ಇವನು ತುಂಬಿದ್ದು ಎಚ್‌ಇವಿಸಿ ಎಂಬ ನೇಯ್ಗೆ, ಅದೂ 10 ಬಿಟ್. 2013ರ ಈ ತಳಿಯನ್ನು ಐಫೋನು 2017ರಲ್ಲೇ ಮುದ್ದು ಮಾಡಿತು. ಅತ್ತ ಪೇಟೆಂಟಿನ ಒಡೆಯರು ಒಂದಲ್ಲ, ಮೂರು ಗುಂಪಾಗಿ ಸುಂಕಕ್ಕೆ ಕೂತರು. ಕ್ರೋಮ್ ಒಲ್ಲೆ ಒಲ್ಲೆ ಎನ್ನುತ್ತ 2022ರಲ್ಲಿ ಒಪ್ಪಿತು, ಅದೂ ಯಂತ್ರಕ್ಕೆ ತಾಕತ್ತಿದ್ದರೆ ಮಾತ್ರ. ಹೊಸ ತಂತ್ರಜ್ಞಾನ ಎಲ್ಲರಿಗಾಗಿ ಎಂದು ಭಾಷಣ ಬಿಗಿಯುವುದೂ ಈ ಕಂಪನಿಗಳೇ.

ಎಲ್ಲೆಡೆ ತೆರೆಯುವುದು 2003ರ ಎಚ್.264. 8 ಬಿಟ್, 1080, ಧ್ವನಿಗೆ ಎಎಸಿ. 8 ಎಂಬಿಪಿಎಸ್ ಇಟ್ಟರೆ ಇದೇ ವಿಡಿಯೋ 180 ಎಂಬಿ. ಫಾಸ್ಟ್ ಸ್ಟಾರ್ಟಿಗೂ ಒಂದು ಟಿಕ್ ಹಾಕಬೇಕು. ಇಲ್ಲದಿದ್ದರೆ ಫೈಲಿನ ಪರಿವಿಡಿ ಕೊನೆಯಲ್ಲಿ ಕೂತಿರುತ್ತದೆ, ಗಿರಾಕಿ ತಿರುಗುವ ಚಕ್ರ ನೋಡುತ್ತ ನಿಂತಿರುತ್ತಾನೆ.

ಇದನ್ನೇ ಕೊಡೋ ಮಾರಾಯ ಎಂದೆ. "ಅದು ಹಳೇದ್ರಿ ಸರ. ಮಂದಿ ಮುಂದ ಹೇಳಾಕ ನಾಚಿಕಿ ಬರ್ತೈತಿ."

ಕಪ್ಪು ಪರದೆ ಕೊಟ್ಟಾಗ ನಾಚಿಕೆ ಬಂದಿರಲಿಲ್ಲ.

ಕೊನೆಗೆ ಕೊಟ್ಟ. ಮಾವ ಅದನ್ನು ವಾಟ್ಸಾಪಿನಲ್ಲಿ ತಳ್ಳಿದರು, ಡಾಕ್ಯುಮೆಂಟ್ ಮಾಡಿ ಕಳಿಸಿ ಎಂದರೂ ಕೇಳದೆ. ವಾಟ್ಸಾಪು ಮತ್ತೆ ಹಿಂಡಿತು. ಇಳಕಲ್ ಸೀರೆಯ ಜೀವವೇ ಕೆಂಪು ಸೆರಗು. ವೆಬ್ ವಿಡಿಯೋ ಜಿಪುಣ. ಬೆಳಕನ್ನು ಚುಕ್ಕೆ ಚುಕ್ಕೆಗೂ ಬರೆದುಕೊಳ್ಳುತ್ತದೆ, ಬಣ್ಣವನ್ನು ನಾಲ್ಕು ಚುಕ್ಕೆಗೊಂದರಂತೆ. ಮೊದಲೇ ಸೊರಗಿದ ಕೆಂಪು ಎರಡನೇ ಸಲ ಹಿಂಡಿದಾಗ ಪೂರಾ ಕಲಸಿಹೋಯಿತು. ಸೆರಗಿನ ಟೋಪುತೆನಿ ಚಿತ್ತಾರ ಟೊಮ್ಯಾಟೊ ಉಪ್ಪಿಟ್ಟಾಯಿತು.

ಇದರ ನಡುವೆ ಮಾವ ಸಹಾಯಧನ ಕೇಳಲು ಹೋದರೆ ಒಂದು ಕಚೇರಿ ಇದೇ ವಿಡಿಯೋವನ್ನು ಸಿಡಿಯಲ್ಲಿ ಲಗತ್ತಿಸಿ ಎಂದಿತು. ಆ ಮೇಜಿನ ಕಂಪ್ಯೂಟರಿಗೆ ಸಿಡಿ ತೂರಿಸುವ ಕಿಂಡಿಯೇ ಇರಲಿಲ್ಲ.

ಮಾವನ ಸಿಟ್ಟೆಲ್ಲ ಹುಡುಗನ ಮೇಲೆ. "ಚೀಲದ ಮ್ಯಾಲ ಒಂದ್ ಹೆಸರು, ಒಳಗ ಇನ್ನೊಂದ್ ಮಾಲು. ಇದು ಮೋಸ ಅಲ್ಲೇನಲೇ?" ಗಲ್ಲಾದ ಪಕ್ಕ 'ಅಪ್ಪಟ ಕೈಮಗ್ಗ' ಎಂದು ಅಚ್ಚು ಹಾಕಿದ ಚೀಲಗಳ ರಾಶಿ. ಇನ್ನೂ ಏನೇನೋ ಬೈದರು. ಹಿತ್ತಲ ಶೆಡ್ಡಿನ ಪವರ್‌ಲೂಮಿನ ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.