ರಸೀದಿ ರಾಯರು

ಉಡುಪಿ ಕಡೆಯ ಯಾವ ಪೇಟೆಗೆ ಹೋದರೂ ಒಬ್ಬರು ರಸೀದಿ ರಾಯರು ಸಿಕ್ಕೇ ಸಿಗುತ್ತಾರೆ. ಕೆಲವು ಕಡೆ ಅವರು ಶೆಟ್ರು, ಕೆಲವು ಕಡೆ ಕಾಮತರು, ಇನ್ನು ಕೆಲವು ಕಡೆ ಪೂಜಾರಿಗಳು, ಸಾಹೇಬರು, ಪೊರ್ಬುಗಳು. ಹೆಸರು ಬೇರೆಯಾದರೂ ಕಂಕುಳಲ್ಲಿರುವ ವಸ್ತು ಒಂದೇ: ನಡುವೆ ಕಾರ್ಬನ್ ಹಾಳೆ ಇಟ್ಟ, ಅಂಚು ಮುದುಡಿದ, ಊರಿನ ಸಹಾಯ ಸಂಘದ ಚಂದಾ ರಸೀದಿ ಪುಸ್ತಕ. ಮೈಮೇಲೆ ಅರ್ಧ ತೋಳಿನ ಬಿಳಿ ಅಂಗಿ. ಕಿಸೆಯಲ್ಲಿ ಎರಡು ಪೆನ್ನು. ಒಂದು ರಸೀದಿ ಬರೆಯಲಿಕ್ಕೆ, ಇನ್ನೊಂದು "ಚೆಕ್ ಕೊಡಬಹುದಿತ್ತು, ಆದರೆ ಪೆನ್ನು ಎಲ್ಲಿಟ್ಟೆನೋ" ಎನ್ನುವವರಿಗೆ.

ಅವರು ಗಲ್ಲಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಊರಿನ ಚಟುವಟಿಕೆಯೇ ಬದಲಾಗುತ್ತದೆ. ಅಂಗಡಿಯ ಧನಿಗಳಿಗೆ ಒಳಕೋಣೆಯಲ್ಲಿ ಸ್ಟಾಕ್ ಲೆಕ್ಕ ಹಾಕುವ ನೆನಪಾಗುತ್ತದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಸ್ನಾನಕ್ಕೆ ಹೋಗುತ್ತಾರೆ, ಆ ದಿನದ ಎರಡನೇ ಸ್ನಾನಕ್ಕೆ. ರಾಯರಿಗೆ ಬೇಸರವಿಲ್ಲ. "ಸ್ನಾನ ಆಗಲಿ, ಕೂತಿರ್ತೇನೆ" ಎಂದು ಜಗಲಿ ಹತ್ತುತ್ತಾರೆ.

ಈ ತಾಳ್ಮೆ ಅವರಿಗೆ ಬಂದದ್ದು ಪಿಗ್ಮಿಯಿಂದ. ರಾಯರು ಮೂವತ್ತು ಚಿಲ್ಲರೆ ವರ್ಷ ಮನೆಮನೆಗೆ ಹೋಗಿ ಪಿಗ್ಮಿ ಕಲೆಕ್ಟ್ ಮಾಡಿದವರು. ಪಿಗ್ಮಿ ಎಂಬ ದಿನದ ಉಳಿತಾಯ ಉಡುಪಿಯದೇ ಕೂಸು. ನೇಕಾರಿಕೆ ಬಿದ್ದುಹೋಗಿ ಮನೆಗಳಲ್ಲಿ ಕಷ್ಟ ತುಂಬಿದ್ದ ಕಾಲಕ್ಕೆ, 1925ರಲ್ಲಿ, ಟಿ.ಎಂ.ಎ. ಪೈಗಳು, ಉಪೇಂದ್ರ ಪೈಗಳು, ವಾಮನ ಕುಡ್ವರು ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನವನೇ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಎರಡಾಣೆಗೆ ಬಾಗಿಲು ತಟ್ಟುವುದರಲ್ಲಿ ನಾಚಿಕೆಯಿಲ್ಲ ಎಂದು ಬ್ಯಾಂಕೇ ಕಲಿಸಿದ ಮೇಲೆ ರಾಯರು ಇನ್ನೂರಕ್ಕೆ ನಾಚುತ್ತಾರೆಯೇ? "ಆಗ ನಿಮ್ಮ ದುಡ್ಡು ತೆಕ್ಕೊಂಡು ಹೋಗಿ ನಿಮಗೇ ಕೊಡ್ತಿದ್ದೆ. ಈಗ ಆಚೆಮನೆಯವನಿಗೆ ಕೊಡ್ತೇನೆ. ಅಷ್ಟೇ ವ್ಯತ್ಯಾಸ ಮಾರಾಯ್ರೆ" ಎನ್ನುತ್ತಾರೆ. ಆ "ಅಷ್ಟೇ ವ್ಯತ್ಯಾಸ"ದಲ್ಲಿಯೇ ಇಡೀ ಊರು ಬೆವರುವುದು.

ರಾಯರು ಬಂದ ಕೂಡಲೇ ದುಡ್ಡಿನ ಮಾತು ಎತ್ತುವವರಲ್ಲ. ಮೊದಲು ಬೆಲ್ಲ, ನೀರು. ಆಮೇಲೆ ಅಜ್ಜಿಯ ಮಂಡಿನೋವು, ಬೊಂಬಾಯಿಯಲ್ಲಿರುವ ಮಗನ ಪ್ರಮೋಷನ್, ಅಡಿಕೆಗೆ ಬಂದ ಕೊಳೆರೋಗ. ಮನೆಯವರು ಇದನ್ನು ಕುಶಲಪ್ರಶ್ನೆ ಎಂದುಕೊಳ್ಳುತ್ತಾರೆ. ಅಲ್ಲ, ಅದು ಅಸೆಸ್‌ಮೆಂಟು. ಪ್ರಮೋಷನ್ ಆಗಿದ್ದರೆ ಒಂದು ಸೊನ್ನೆ ಹೆಚ್ಚು, ಕೊಳೆರೋಗ ಬಂದಿದ್ದರೆ ಒಂದು ಸೊನ್ನೆ ಕಡಿಮೆ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಮೊತ್ತ ನಿಗದಿಯಾಗಿ, ರಸೀದಿಯಲ್ಲಿ ಹೆಸರೂ ಬರೆದಾಗಿರುತ್ತದೆ. "ಹೆಸರು ಬರೆದುಬಿಟ್ಟೆ, ಇನ್ನು ಹರಿದರೆ ನಂಬ್ರ ತಪ್ಪುತ್ತದೆ, ಆಡಿಟ್ ಪ್ರಾಬ್ಲಂ" ಎಂಬಲ್ಲಿಗೆ ದಾನಿಯ ಹೋರಾಟ ಮುಗಿಯಿತು.

ಪುಸ್ತಕದ ಮೊದಲ ಹಾಳೆ ಯಾವಾಗಲೂ ಊರಿನ ಹಿರಿಯ ಡಾಕ್ಟರರದು. ಅವರು ಐದು ಸಾವಿರ ಬರೆಸಿದರೆ ಎರಡನೆಯವರು ಎರಡು ಸಾವಿರಕ್ಕಿಂತ ಕೆಳಗೆ ಇಳಿಯುವುದಕ್ಕೆ ಹಿಂಜರಿಯುತ್ತಾರೆ. ಅಪ್ಪಿತಪ್ಪಿ ಮೊದಲ ಹಾಳೆಯಲ್ಲಿ ಐವತ್ತೊಂದು ಬಿತ್ತೋ, ಆ ಪುಸ್ತಕ ಕೊನೆಯ ಹಾಳೆಯವರೆಗೂ ಐವತ್ತೊಂದೇ. ಆದ್ದರಿಂದ ಡಾಕ್ಟರರು ಊರಲ್ಲಿ ಇಲ್ಲದಿದ್ದರೆ ರಾಯರು ಹೊಸ ಪುಸ್ತಕ ತೆರೆಯುವುದೇ ಇಲ್ಲ.

ಕಷ್ಟಕಾಲ ಬಂದಾಗ ಊರಿನಲ್ಲಿ ದುಡ್ಡು ಕಡಿಮೆಯಾಗುತ್ತದೆ, ಕಾರಣಗಳು ಹೆಚ್ಚಾಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆಯ ಬೋಟಿನ ಧನಿಗಳನ್ನು ಕೇಳಿದರೆ, "ಬೋಟು ದಡದಲ್ಲುಂಟು ರಾಯರೇ, ನೀವೇ ನೋಡ್ತೀರಲ್ಲ." ಆಗಸ್ಟಿನಲ್ಲಿ ಕೇಳಿದರೆ, "ಈಗ ತಾನೇ ಬೋಟು ಇಳಿದದ್ದು, ಡೀಸೆಲಿಗೇ ಸಾಲುವುದಿಲ್ಲ." ಚಿನ್ನದಂಗಡಿಯಲ್ಲಿ ರೇಟು ಏರಿದರೆ ಗಿರಾಕಿ ಇಲ್ಲ, ಇಳಿದರೆ ಲಾಭ ಇಲ್ಲ. ಮದುವೆ ಹಾಲಿನವರಿಗೆ ಆಷಾಢದಲ್ಲಿ ಮದುವೆ ಇಲ್ಲ, ಮಾಘದಲ್ಲಿ ಪುರುಸೊತ್ತು ಇಲ್ಲ.

"ಈ ಸಲ ವ್ಯಾಪಾರ ಇಲ್ಲ ರಾಯರೇ."

"ಇಲ್ಲ ಅಂತ ಗೊತ್ತುಂಟು. ಇದ್ದಿದ್ದರೆ ಸಾವಿರ ಬರೀತಿದ್ದೆ. ಇಲ್ಲದ್ದಕ್ಕೆ ಐನೂರು."

ಅದಕ್ಕೂ ಬಗ್ಗದವರಿಗೆ ಹಾಜಿ ಅಬ್ದುಲ್ಲಾ ಸಾಹೇಬರ ಕಥೆ ಕಾದಿರುತ್ತದೆ. 1906ರಲ್ಲಿ ಅವರು ಇದೇ ಉಡುಪಿಯಲ್ಲಿ ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ತೆರೆದರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. ಮೊದಲ ದಿನ ಸಂಜೆ ಲೆಕ್ಕ ಮಾಡಿದರೆ ಬಂದಿದ್ದದ್ದು 38 ರೂಪಾಯಿ, 13 ಆಣೆ, 2 ಪೈ. "ಎರಡು ಪೈಯನ್ನೂ ಬಿಡದೆ ಬರೆದಿಟ್ಟವರ ಊರು ಇದು. ಅಷ್ಟರಿಂದ ಬ್ಯಾಂಕ್ ಎದ್ದಿತು ಅಂದರೆ ನಿಮ್ಮ ನೂರರಿಂದ ಒಂದು ಹುಡುಗಿಯ ಫೀಸ್ ಎದ್ದೇಳುವುದಿಲ್ಲವಾ?"

"ಆ ಬ್ಯಾಂಕೇ ಈಗ ಇಲ್ಲವಲ್ಲ ರಾಯರೇ?"

ಇದೊಂದು ಮಾತು ಮಾತ್ರ ರಾಯರನ್ನು ಕುಟುಕುತ್ತದೆ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಅದೇ ದಿನ ಕೆನರಾ ಬ್ಯಾಂಕಿಗೆ ಸೇರಿತು. ಲಾಕ್‌ಡೌನಿನ ಎರಡನೇ ವಾರ ಅದು. ಹೋಗಿ ಬೋರ್ಡಿಗೆ ಕೈಮುಗಿದು ಬರೋಣವೆಂದರೆ ಪೊಲೀಸರು ಲಾಠಿ ಹಿಡಿದು ನಿಂತಿದ್ದರು.

ರಾಯರ ವೃತ್ತಿಜೀವನದಲ್ಲಿ ಜನ ತಾವಾಗಿ ಹುಡುಕಿಕೊಂಡು ಬಂದು ದಾನ ಕೊಡಲು ಮುಂದಾದದ್ದು ಒಂದೇ ಸಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಮರುದಿನ ಬೆಳಗಾಗುತ್ತಲೇ, ಜೀವಮಾನದಲ್ಲಿ ಐವತ್ತೊಂದು ದಾಟದ ಧನಿಗಳೊಬ್ಬರು ರಾಯರ ಮನೆ ಮೆಟ್ಟಿಲು ಹತ್ತಿದರು. "ಸಮಾಜಕ್ಕೆ ಏನಾದರೂ ಮಾಡಬೇಕು ಅಂತ ರಾತ್ರಿಯಿಡೀ ನಿದ್ದೆ ಇಲ್ಲ ರಾಯರೇ." ನಿದ್ದೆ ಇಲ್ಲದ್ದು ನಿಜವೇ. ರಾಯರು ಅವರಿಗೂ ಬೆಲ್ಲ, ನೀರು ಕೊಟ್ಟು, "ನೋಟು ಬದಲಾದ ಮೇಲೂ ಇದೇ ಮನಸ್ಸಿದ್ದರೆ ಬರೀತೇನೆ" ಎಂದರು. ನೋಟು ಬದಲಾಯಿತು, ಮನಸ್ಸೂ ಬದಲಾಯಿತು. ಅದೇ ವಾರ ರಿಕ್ಷಾ ಚಾಲಕನೊಬ್ಬನನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದೊಯ್ಯಲು ನೂರರ ನೋಟು ಬೇಕಾಗಿತ್ತು. ಇಡೀ ಪೇಟೆಯಲ್ಲಿ ಚಿಲ್ಲರೆ ಇದ್ದದ್ದು ಮೀನು ಮಾರುವ ಹೆಂಗಸರ ಸೊಂಟದ ಚೀಲದಲ್ಲಿ. ಅವರು ಎಣಿಸದೆ ಕೊಟ್ಟರು. ರಾಯರು ಎಣಿಸಿ ರಸೀದಿ ಕೊಟ್ಟರು. "ಇದೆಲ್ಲ ಎಂತಕ್ಕೆ, ಮೀನು ಕಟ್ಟಲಿಕ್ಕಾ?" ಎಂದು ನಕ್ಕ ಒಬ್ಬಾಕೆ ಅದನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊಬೈಲ್ ಪಾವತಿ ಬಂದ ಮೇಲೆ ಮೊಮ್ಮಗಳು ರಾಯರಿಗೆ ಕ್ಯೂಆರ್ ಕೋಡ್ ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ ಕೊರಳಿಗೆ ಕಟ್ಟಿದಳು. ಚಿಲ್ಲರೆ ಇಲ್ಲ ಎಂಬ ಹಳೆಯ ಕಾರಣ ಸತ್ತಿತು. ಆದರೆ ಸರ್ವರ್ ಡೌನ್ ಎಂಬ ಹೊಸದು ಹುಟ್ಟಿತು. ಸ್ವಲ್ಪ ಸ್ಥಿತಿವಂತರಾದರೆ, "80ಜಿ ಉಂಟಾ?" ಎಂದು ಕೇಳುತ್ತಾರೆ. ಇದ್ದರೂ ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂದು ರಾಯರಿಗೆ ಕಂಠಪಾಠ. ಸಂಘಕ್ಕಂತೂ ಆ ಸರ್ಟಿಫಿಕೇಟೇ ಇಲ್ಲ. "80ಜಿ ಇಲ್ಲ ಸ್ವಾಮೀ, ಪುಣ್ಯ ಮಾತ್ರ ಉಂಟು. ಅದಕ್ಕೆ ಲಿಮಿಟ್ಟಿಲ್ಲ."

ಇನ್ನು ಸಂಘ. ಅದಕ್ಕೆ ಒಬ್ಬ ಗೌರವಾಧ್ಯಕ್ಷರು, ಒಬ್ಬ ಅಧ್ಯಕ್ಷರು, ಫ್ಲೆಕ್ಸಿನಲ್ಲಿ ಜಾಗ ಇದ್ದಷ್ಟು ಉಪಾಧ್ಯಕ್ಷರು. ವಾಟ್ಸಾಪ್ ಗುಂಪಿನಲ್ಲಿ ರಾಯರು, "ನಾಳೆ ಬೆಳಿಗ್ಗೆ ಏಳಕ್ಕೆ ಅಕ್ಕಿಮೂಟೆ ಇಳಿಸಲು ಜನ ಬೇಕು" ಎಂದು ಹಾಕಿದರೆ ನಿಮಿಷದಲ್ಲಿ ಕೈಮುಗಿದ ಚಿತ್ರಗಳ ಮಳೆ. ಬೆಳಿಗ್ಗೆ ಏಳಕ್ಕೆ ಬರುವವರು ಲಾರಿ ಡ್ರೈವರ್ ಮತ್ತು ರಾಯರು. ಕೈಮುಗಿದವರ ಕೈ ಆ ಹೊತ್ತಿಗೆ ಹಾಗೇ ಮುಗಿದುಕೊಂಡೇ ಇರುತ್ತದೆ, ಮೂಟೆ ಹಿಡಿಯಲು ಬಿಡುವಿರುವುದಿಲ್ಲ. ಹತ್ತೂವರೆಗೆ ಅಧ್ಯಕ್ಷರು ಫೋಟೋಗ್ರಾಫರನೊಂದಿಗೆ ಬರುತ್ತಾರೆ.

ಫೋಟೋ ವಿಷಯದಲ್ಲಿ ರಾಯರು ಮಣಿಯುವುದಿಲ್ಲ. ಒಂದು ದಿನಸಿ ಕಿಟ್ಟಿಗೆ ಆರು ಕೈ ಹಚ್ಚಿ, ಏಳನೆಯ ಕೈಯ ಮನುಷ್ಯ ತಲೆತಗ್ಗಿಸಿ ನಿಂತ ಚಿತ್ರ ಅವರಿಗೆ ಆಗುವುದೇ ಇಲ್ಲ. "ಹಂಚುವ ಮೊದಲು ಅಕ್ಕಿಯ ಫೋಟೋ ತೆಗೀರಿ. ಅಕ್ಕಿಗೆ ಮರ್ಯಾದೆ ಹೋಗುವುದಿಲ್ಲ" ಎನ್ನುತ್ತಾರೆ. ಅಧ್ಯಕ್ಷರು ಮುಖ ಊದಿಸಿಕೊಂಡು ಅಕ್ಕಿಯ ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳುತ್ತಾರೆ.

ಜಿಪುಣರಿಗಿಂತ ಅತಿ ಉದಾರಿಗಳಿಂದ ರಾಯರಿಗೆ ಹೆಚ್ಚು ಕಾಟ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಸಂಘ ಬಟ್ಟೆ ಸಂಗ್ರಹಿಸಿತು. ಊರಿನವರು ಕಪಾಟು ಖಾಲಿ ಮಾಡಲು ಇದೇ ಸುಮುಹೂರ್ತ ಎಂದುಕೊಂಡರು. ಜಿಪ್ಪು ಹೋದ ಪ್ಯಾಂಟು, ಒಂಟಿ ಕಾಲುಚೀಲ, ಅದರ ಜೊತೆಗೆ ಸನ್ಮಾನದ ಶಾಲುಗಳ ಗುಡ್ಡೆ. ಕೊಡಗಿನ ಮಳೆಚಳಿಗೆ ಜರಿಯಂಚಿನ ಸನ್ಮಾನದ ಶಾಲು! ರಾಯರು ರಾತ್ರಿ ಕೂತು ಬೇರ್ಪಡಿಸಿ, ಉಡಬಹುದಾದದ್ದನ್ನು ಮಾತ್ರ ಕಳಿಸಿದರು. ಉಳಿದದ್ದನ್ನು ಯಾರದ್ದು ಯಾವುದೆಂದು ನೆನಪಿಟ್ಟು ಅವರವರ ಮನೆಗೇ ಮುಟ್ಟಿಸಿದರು, "ಇದು ತಪ್ಪಿ ಬಂದಿರಬೇಕು" ಎಂದು ಹೇಳಿ.

ವೇಷ ಹಾಕಿ ಹಣ ಕೂಡಿಸುವುದು ಉಡುಪಿಯಲ್ಲಿ ಹೊಸತಲ್ಲ. ಕೂಲಿ ಕೆಲಸದ ರವಿ ಕಟಪಾಡಿಯವರು ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ವಿಚಿತ್ರ ವೇಷ ತೊಟ್ಟು, ಬಂದ ಹಣವನ್ನೆಲ್ಲ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟು ನಾಡಿಗೆಲ್ಲ ಗೊತ್ತಾದರು. ಸಂಘದ ಹುಡುಗರಿಗೂ ಹುರುಪು ಬಂದು, "ರಾಯರೇ, ನೀವೂ ಒಂದು ವೇಷ ಹಾಕಿ" ಎಂದು ಗಂಟುಬಿದ್ದರು. "ನಾನು ರಸೀದಿ ಪುಸ್ತಕ ಹಿಡಿದು ಬಂದರೇ ಜನ ಓಡ್ತಾರೆ, ಮೇಲಿಂದ ರಾಕ್ಷಸನ ಬಣ್ಣ ಬೇರೆ ಯಾಕೆ?" ಎಂದರು ರಾಯರು.

ಅವರು ನಿಜಕ್ಕೂ ಏನೆಂದು ಊರಿಗೆ ಗೊತ್ತಾದದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ಬಿಪಿಎಲ್ ರೇಷನ್ ಕಾರ್ಡು ಇದ್ದವರಿಗೆ ಸರ್ಕಾರದ ಅಕ್ಕಿ ಸಿಕ್ಕಿತು. ಕಾರ್ಡಿನಲ್ಲಿ ಬಡವರಲ್ಲದ, ಮನೆಯಲ್ಲಿ ಮಾತ್ರ ಬಡವರಾದವರ ಪಟ್ಟಿ ಯಾವ ಕಚೇರಿಯಲ್ಲೂ ಇರಲಿಲ್ಲ. ಅದಿದ್ದದ್ದು ರಾಯರ ತಲೆಯಲ್ಲಿ: ತಿರುಗಾಟ ಮುಗಿಯುವ ಪತ್ತನಾಜೆಗೆ ಎರಡು ತಿಂಗಳ ಮೊದಲೇ ಮೇಳ ನಿಂತುಹೋದ ಯಕ್ಷಗಾನ ಕಲಾವಿದರು, ಖಾಸಗಿ ಬಸ್ಸಿನ ಕಂಡಕ್ಟರರು, ಮದುವೆ ಅಡಿಗೆಯ ಸಹಾಯಕರು, ಮುಂಬಯಿಯ ಹೋಟೆಲು ಮುಚ್ಚಿ ಊರಿಗೆ ಬಂದು, ಅಣ್ಣನ ಮನೆಯಲ್ಲಿ ಉಣ್ಣಲು ಸಂಕೋಚಪಡುತ್ತಿದ್ದ ಸಪ್ಲಾಯರುಗಳು. ಜಗಲಿಯಲ್ಲಿ ಕೂತು ಮಾಡಿದ ಅಸೆಸ್‌ಮೆಂಟು ಕೊಡುವವರಿಗಷ್ಟೇ ಅಲ್ಲ, ಬೇಕಾದವರಿಗೂ ನಡೆದಿತ್ತು ಎಂದು ಆಗ ತಿಳಿಯಿತು.

ಕಿಟ್ಟಿನ ಬಗ್ಗೆಯೂ ದೊಡ್ಡ ಜಗಳ. ದಾನಿಗಳೊಬ್ಬರು ಬೆಳ್ತಿಗೆ ಅಕ್ಕಿ ಕಳಿಸಿದರು. "ಗಂಜಿಗೆ ಕುಚ್ಚಲಕ್ಕಿಯೇ ಆಗಬೇಕು, ಇದು ದೋಸೆಗಾಯ್ತು" ಎಂದು ರಾಯರು ಗಿರಣಿಗೆ ಹೋಗಿ ಬದಲಾಯಿಸಿ ತಂದರು. ಪಟ್ಟಿಯ ಕೊನೆಗೆ ತಮ್ಮ ದುಂಡಗಿನ ಅಕ್ಷರದಲ್ಲಿ "ಒಣಮೀನು, ಕಾಲು ಕಿಲೋ" ಎಂದೂ ಬರೆದರು. ಸಂಘದವರು ಕಣ್ಣು ಬಿಟ್ಟರು. ಈರುಳ್ಳಿಯನ್ನೂ ಮುಟ್ಟದ ರಾಯರು! "ತಿನ್ನುವವನು ನಾನಲ್ಲವಲ್ಲ" ಎಂದವರೇ ವಾಸನೆ ತಡೆಯಲಾರದೆ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡು ತೂಕ ಮಾಡಿದರು. ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಹೋಗಿ ಹಿಂಬಾಗಿಲಲ್ಲಿ ಇಟ್ಟು, "ನಿಮ್ಮದು ಹಳೆಯ ಪಿಗ್ಮಿ ಬಾಕಿ ಇತ್ತು, ಈಗ ಹೀಗೆ ತೀರಿಸ್ತಾ ಇದ್ದೇವೆ" ಎಂದು ಹೇಳಿ ಬರುತ್ತಿದ್ದರು. ಪಿಗ್ಮಿಯನ್ನೇ ಕಟ್ಟದವರೂ ಅದನ್ನು ಒಪ್ಪಿಕೊಂಡರು. ರಾಯರು ಹೇಳಿದ ಸುಳ್ಳು ನನಗೆ ಗೊತ್ತಿದ್ದಂತೆ ಇದೊಂದೇ.

ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವುದೂ ಅವರೇ. ಹಗ್ಗಕ್ಕೆ ನಲವತ್ತು, ಕಾರ್ಬನ್ ಹಾಳೆಗೆ ಇಪ್ಪತ್ತೈದು, ಪೆಟ್ರೋಲಿಗೆ ಸೊನ್ನೆ. ಐವತ್ತೊಂದು ಕೊಟ್ಟವರು ಎದ್ದು ನಿಂತು ಲಕ್ಷದ ಲೆಕ್ಕ ಕೇಳುತ್ತಾರೆ. ಐದು ಸಾವಿರ ಕೊಟ್ಟ ಡಾಕ್ಟರರು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಾರೆ. ಮೀನಿನ ಹೆಂಗಸರಿಗೆ ಸಭೆಯಿದೆ ಎಂದೇ ಗೊತ್ತಿರುವುದಿಲ್ಲ. ರಾಯರು ಎಲ್ಲ ಪ್ರಶ್ನೆಗೂ ಉತ್ತರಿಸಿ, ಕೊನೆಗೆ, "ಲೆಕ್ಕ ಕೇಳಿದವರಿಗೆ ಧನ್ಯವಾದ. ಈಗ ನಿಮ್ಮ ಹೆಸರಿಗೆ ಈ ವರ್ಷದ್ದು ಬರೆಯಲಾ?" ಎಂದು ಪುಸ್ತಕ ತೆರೆಯುತ್ತಾರೆ. ಸಭೆ ಅಲ್ಲಿಗೆ ಮುಕ್ತಾಯ.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದಾರೆ. ನಿನ್ನೆ ಅವರನ್ನು ಕಂಡು ನೀವು ಎರಡನೇ ಸ್ನಾನಕ್ಕೆ ಹೋಗಿರಲೂಬಹುದು. ಮುಂದಿನ ಸಲ ಹೊರಗೆ ಬನ್ನಿ. ಆದಷ್ಟು ಬರೆಸಿ, ರಸೀದಿ ಕೇಳಿ ತೆಗೆದುಕೊಳ್ಳಿ, ಲೆಕ್ಕವನ್ನೂ ಕೇಳಿ. ದುಡ್ಡಿಗೆ ನಿಜವಾಗಿಯೂ ಅಡಚಣೆ ಇದ್ದರೆ ಒಂದು ಭಾನುವಾರ ಅವರ ಜೊತೆ ಹೋಗಿ ಮೂಟೆಯ ಇನ್ನೊಂದು ತುದಿ ಹಿಡಿಯಿರಿ. ರಾಯರಿಗೆ ಎಪ್ಪತ್ತು ದಾಟಿತು. ಸಂಘದಲ್ಲಿ ಉಪಾಧ್ಯಕ್ಷರ ಸ್ಥಾನಕ್ಕೆ ಯಾವಾಗಲೂ ನೂಕುನುಗ್ಗಲು, ಆ ರಸೀದಿ ಪುಸ್ತಕಕ್ಕೆ ಮಾತ್ರ ಇನ್ನೂ ಒಬ್ಬರೂ ಅರ್ಜಿ ಹಾಕಿಲ್ಲ.