ಫಿಯೆಟ್ಟಿನ ಆಕಾಶವಾಣಿ

ಹಳೆಯ ಕಾರು ಇಟ್ಟುಕೊಂಡವನನ್ನು ಜನ ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲು ಮೈಲೇಜು. ನಾನು ಹೇಳಿದ ಅಂಕಿಯನ್ನು ಮನಸ್ಸಿನಲ್ಲೇ ಅರ್ಧ ಮಾಡಿಕೊಂಡು, ‘ಪಾರ್ಟ್ಸ್ ಸಿಗುತ್ತಾ?’ ಎನ್ನುತ್ತಾರೆ. ಕೊನೆಗೆ ಕಿಟಕಿಯೊಳಗೆ ತಲೆ ತೂರಿಸಿ, ಡ್ಯಾಶ್‌ಬೋರ್ಡಿನಲ್ಲಿ ಎರಡು ಗುಬ್ಬಿಗಳ ಮಧ್ಯೆ ಕೂತಿರುವ ಪುಟ್ಟ ಗಾಜಿನ ಪಟ್ಟಿಯನ್ನು ಬೆರಳಲ್ಲಿ ತಟ್ಟಿ, ‘ಇದು ಹಾಡುತ್ತಾ ಸಾರ್?’

ಹಾಡುತ್ತದೆ. ಏನು ಹಾಡುತ್ತದೆ ಅನ್ನುವುದು ಬೇರೆ ವಿಷಯ.

ನನ್ನದು ಪ್ರೀಮಿಯರ್ ಪದ್ಮಿನಿ. ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗಿ, ಚಿತ್ತೋಡದ ರಾಣಿಯ ಹೆಸರು ಹೊತ್ತು ಬಂದು, ಇಲ್ಲಿ ಯಾರ ಬಾಯಲ್ಲೂ ಆ ಹೆಸರು ಕೇಳಿಸಿಕೊಳ್ಳದೆ ‘ಫಿಯೆಟ್ಟು’ ಅಂತಲೇ ಬಾಳಿದ ಗಾಡಿ. 1089 ಸಿಸಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮಾವನವರು ಕಾರನ್ನು ನನಗೆ ಒಪ್ಪಿಸುವಾಗ ಆರ್‌ಸಿ ಪುಸ್ತಕದ ಜೊತೆ ಇನ್ನೊಂದು ಮಾಸಿದ ಪುಸ್ತಕವನ್ನೂ ಕೊಟ್ಟರು. ರೇಡಿಯೊ ಲೈಸೆನ್ಸು. 1980ರ ದಶಕದ ನಡುಭಾಗದ ತನಕ ಈ ದೇಶದಲ್ಲಿ ರೇಡಿಯೊ ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ಅಂಚೆ ಕಚೇರಿಯ ಕೌಂಟರಿನ ಮುಂದೆ ಸರದಿ ನಿಂತು ವರ್ಷಾವರ್ಷ ಶುಲ್ಕ ಕಟ್ಟಬೇಕಿತ್ತು. ಮಾವನವರು ಒಂದು ವರ್ಷವೂ ತಪ್ಪಿಸಿದವರಲ್ಲ. ಆ ರೇಡಿಯೊದಲ್ಲಿ ಬರುತ್ತಿದ್ದ ಸದ್ದಿನಲ್ಲಿ ಅರ್ಧಕ್ಕರ್ಧ ಸರ್ಕಾರದ್ದೇ ಅಲ್ಲ ಎಂಬುದು ಗೊತ್ತಿದ್ದೂ ಪೂರ್ತಿ ಶುಲ್ಕ ಕಟ್ಟಿದರು.

ಎಂಜಿನ್ ಸುಮ್ಮನಿರುವಾಗ 612 ಕಿಲೊಹರ್ಟ್ಸಿನಲ್ಲಿ ಬೆಂಗಳೂರು ಆಕಾಶವಾಣಿ ನಿರ್ಮಲವಾಗಿ ಕೇಳುತ್ತದೆ. ಕೀ ತಿರುಗಿಸಿದಿರೋ, ವೀಣೆಯ ಮೇಲೆ ಯಾರೋ ಕಡಲೆ ಹುರಿಯಲು ಶುರು. ಇದು ರೇಡಿಯೊದ ತಪ್ಪಲ್ಲ, ಭೌತಶಾಸ್ತ್ರದ್ದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸ್ಪಾರ್ಕ್ ಪ್ಲಗ್ಗುಗಳೆಲ್ಲ ಸೇರಿ ಸೆಕೆಂಡಿಗೆ 100 ಕಿಡಿ ಹಾರಿಸುತ್ತವೆ. ಮಾರ್ಕೋನಿ ಮಹಾಶಯ ಶುರುವಿನಲ್ಲಿ ನಿಸ್ತಂತು ಸಂದೇಶ ಕಳಿಸಿದ್ದೂ ಕಿಡಿ ಹಾರಿಸಿಯೇ. ಅಂದಮೇಲೆ ಪ್ರತಿ ಪ್ಲಗ್ಗೂ ಒಂದು ಪ್ರಸಾರ ಕೇಂದ್ರ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವಾಟಿನ ಒಂದು ಪ್ರಸಾರಯಂತ್ರ ಇಟ್ಟುಕೊಂಡು ‘ಆಕಾಶವಾಣಿ’ ಶುರು ಮಾಡಿದರು. ನನ್ನ ಬಾನೆಟ್ಟಿನ ಕೆಳಗೆ ಅಂಥವು ನಾಲ್ಕಿವೆ, ಲೈಸೆನ್ಸು ಒಂದಕ್ಕೂ ಇಲ್ಲ. ಕಿಡಿಯ ದುರ್ಗುಣವೆಂದರೆ ಅದು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಧಾರವಾಡಕ್ಕೆ 765, ಭದ್ರಾವತಿಗೆ 675 ಅಂತ ಆಕಾಶವಾಣಿ ಅಚ್ಚುಕಟ್ಟಾಗಿ ಹಂಚಿಕೊಟ್ಟಿದ್ದರೆ, ಕಿಡಿ ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಅಲ್ಲಿ ಮೊದಲೇ ಬಂದು ಕೂತಿರುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಡೈನಮೊಗೆ ಅದರದೇ ಆದ ಕುಯ್‌ಗುಡುವ ಶ್ರುತಿ. ಆಕ್ಸಿಲರೇಟರ್ ಒತ್ತಿದಂತೆ ಏರುತ್ತದೆ, ಬಿಟ್ಟಂತೆ ಇಳಿಯುತ್ತದೆ. ವೈಪರ್ ಮೋಟಾರು ಗರ್ ಅನ್ನುತ್ತದೆ. ಇಂಡಿಕೇಟರ್ ಟಕ್ ಟಕ್. ಬ್ರೇಕ್ ಲೈಟಿಗೂ ಒಂದು ಪಟ್. ಮಾವನವರ ಕಿವಿಗೆ ಇದೆಲ್ಲ ಗಲಾಟೆಯಾಗಿರಲಿಲ್ಲ, ಸಮಾಚಾರವಾಗಿತ್ತು. ಬೆಳಿಗ್ಗೆ 6.55ರ ಸಂಸ್ಕೃತ ವಾರ್ತೆಯ ನಡುವೆ ತಲೆ ಓರೆ ಮಾಡಿ, ‘ಡೈನಮೊ ಇವತ್ತು ಸ್ವಲ್ಪ ಸಪ್ಪೆ’ ಅನ್ನುವರು. ವಾರ್ತೆಯಲ್ಲಿ ಏನು ಬಂತು ಅಂದರೆ ಹೇಳುತ್ತಿರಲಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲವಾದ್ದರಿಂದ ಡೀಸೆಲ್ ಅಂಬಾಸಿಡರಿನ ರೇಡಿಯೊ ಪರಿಶುದ್ಧ. ಆದರೆ ಆ ಎಂಜಿನ್ನಿನ ಆರ್ಭಟದಲ್ಲಿ ಆ ಪರಿಶುದ್ಧತೆಯನ್ನು ಈ ತನಕ ಯಾರೂ ಕೇಳಿಸಿಕೊಂಡಿಲ್ಲ.

ಕಾರಿಗೆ ರೇಡಿಯೊ ಕೂರಿಸುವ ಹುಚ್ಚು ಇಂದು ನಿನ್ನೆಯದಲ್ಲ, ಅದರ ಪೂರ್ವಿಕರೂ ನಮ್ಮ ಹಾಗೆಯೇ ಪರದಾಡಿದವರು. ಅಮೆರಿಕದಲ್ಲಿ ಪಾಲ್ ಗ್ಯಾಲ್ವಿನ್ 1930ರಲ್ಲಿ ‘ಮೊಟೊರೊಲಾ’ ಎಂಬ ಕಾರ್ ರೇಡಿಯೊ ಹೊರತಂದರು. ಸಾಲ ಕೊಡಲಿ ಎಂಬ ಆಸೆಯಿಂದ ಒಬ್ಬ ಬ್ಯಾಂಕಿನವನ ಪ್ಯಾಕಾರ್ಡ್ ಕಾರಿಗೆ ರೇಡಿಯೊ ಹಾಕಿಸಿಕೊಟ್ಟರೆ, ಅರ್ಧ ಗಂಟೆಯಲ್ಲಿ ಕಾರಿಗೇ ಬೆಂಕಿ ಹತ್ತಿತು ಅಂತ ಅವರ ಬಗ್ಗೆ ಒಂದು ಕಥೆಯುಂಟು. ಸಾಲ ಸಿಗಲಿಲ್ಲವಂತೆ. 1932ರಲ್ಲಿ ಜರ್ಮನಿಯಲ್ಲಿ ಬ್ಲೌಪುಂಕ್ಟ್ ಕಂಪನಿ ಎಎಸ್ 5 ಎಂಬುದನ್ನು ತಂದಿತು. ತೂಕ 15 ಕಿಲೊ, ಬೆಲೆ 465 ಮಾರ್ಕು. ಆಗಿನ ಒಂದು ಸಣ್ಣ ಕಾರಿನ ಬೆಲೆಯ ಮೂರನೇ ಒಂದು ಪಾಲು. ಆ ಕಾಲದ ವಾಲ್ವ್ ರೇಡಿಯೊಗಳಿಗೆ ಇನ್ನೂರಕ್ಕೂ ಮೇಲೆ ವೋಲ್ಟು ಬೇಕು, ಕಾರಿನ ಬ್ಯಾಟರಿಯಲ್ಲಿ ಇರುವುದು ಆರೋ ಹನ್ನೆರಡೋ. ಅದಕ್ಕೆ ವೈಬ್ರೇಟರ್ ಎಂಬ ಒಂದು ಚಡಪಡಿಕೆಯ ಡಬ್ಬಿ ಇಟ್ಟು, ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು, ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸುತ್ತಿದ್ದರು. ಸ್ವಿಚ್ ಹಾಕಿದರೆ ಮೊದಲು ವೈಬ್ರೇಟರಿನ ಗುಂಯ್, ಅರ್ಧ ನಿಮಿಷವಾದ ಮೇಲೆ ಸಂಗೀತ. 1955ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೊ ಬಂತು. ಇಷ್ಟಕ್ಕೆ ಸುಮ್ಮನಾಗಬಹುದಿತ್ತು, ಮರುವರ್ಷ ಅದೇ ಕ್ರೈಸ್ಲರಿನವರು ಡ್ಯಾಶ್‌ಬೋರ್ಡಿನ ಕೆಳಗೆ ಗ್ರಾಮಫೋನ್ ಇಟ್ಟರು! ಓಡುವ ಕಾರಿನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಸೂಜಿ. ನಮ್ಮ ಬನಶಂಕರಿಯ ಅಡ್ಡರಸ್ತೆಯಲ್ಲಿ ಅದರ ಗತಿ ನೆನೆಸಿಕೊಂಡರೆ ನಿದ್ದೆ ಬಾರದ ರಾತ್ರಿಯಲ್ಲೂ ನಗು ಬರುತ್ತದೆ.

ಈಗ ನನ್ನ ಮನೆಗೆ ಬರೋಣ. ‘ಈ ಕರಕರ ಸಾಕು, ಮನುಷ್ಯರು ಕೇಳುವಂಥದ್ದೇನಾದರೂ ಹಾಕಿಸಿ’ ಎಂದು ಮಾವನವರ ಮಗಳು ಹೇಳಿದ್ದೇ ತಡ, ಸಲಹೆಗಳು ಬಾಗಿಲಿಗೆ ಬಂದವು.

ಮೊದಲು ಬಂದವನು ಅಕ್ಕನ ಮಗ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಒಂದು ಬೆರಳುದ್ದದ ಎಫ್ಎಂ ಟ್ರಾನ್ಸ್‌ಮಿಟರ್ ತಂದಿದ್ದ. ಫೋನಿನ ಹಾಡನ್ನು ಅದು ಗಾಳಿಗೆ ಬಿಡುತ್ತದೆ, ಕಾರಿನ ರೇಡಿಯೊ ಹಿಡಿದುಕೊಳ್ಳುತ್ತದೆ. ಬಿಟ್ಟಿತು. ಹಿಡಿಯುವವರು ಯಾರು? ನನ್ನ ರೇಡಿಯೊದ ಲೋಕ ಸಾವಿರದಾರುನೂರು ಕಿಲೊಹರ್ಟ್ಸಿನ ಆಸುಪಾಸಿಗೆ ಮುಗಿಯುತ್ತದೆ. ಎಫ್ಎಂ ಶುರುವಾಗುವುದು 88 ಮೆಗಾಹರ್ಟ್ಸಿನಲ್ಲಿ. ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ 2001ರಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾಯಿತು, ಊರೆಲ್ಲ ಹೊಸ ಸೆಟ್ಟು ಹಾಕಿಸಿಕೊಂಡಿತು, ನನ್ನ ಫಿಯೆಟ್ಟಿಗೆ ಆ ಸುದ್ದಿಯೇ ತಲುಪಿಲ್ಲ. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಅಕ್ಕನ ಮಗನ ಆಯ್ಕೆಯ ಹಾಡು ಕೇಳಿ ತಲೆದೂಗಿರಬಹುದು. ನಾವು ಕೇಳಲಿಲ್ಲ.

ಆಮೇಲೆ ಜೆ.ಸಿ. ರಸ್ತೆ. ಕಾರಿನ ಅಲಂಕಾರಕ್ಕೆ ಬೇಕಾದದ್ದು, ಬೇಡವಾದದ್ದು ಎಲ್ಲ ಸಿಗುವ ಈ ರಸ್ತೆಯಲ್ಲಿ ನಿಧಾನಕ್ಕೆ ಗಾಡಿ ಓಡಿಸಬಾರದು. ಓಡಿಸಿದರೆ ಹುಡುಗರು ಬಾಗಿಲು ಹಿಡಿದುಕೊಂಡೇ ಜೊತೆಗೆ ಬರುತ್ತಾರೆ. ಫಿಟ್ಟರ್ ಒಬ್ಬ ಡ್ಯಾಶ್‌ಬೋರ್ಡನ್ನು ಒಮ್ಮೆ ನೋಡಿ, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಕೇಳದೆಯೇ ಒಂದು ಚೌಕ ಗೀಚಿದ. ‘ಕಟ್ ಮಾಡ್ಬಿಡೋಣ ಸಾರ್. ತಗಡು ತಾನೆ?’

ತಗಡೇ. ಇಂದಿನ ಸ್ಟೀರಿಯೊಗಳ ಮುಖ ಜರ್ಮನರು ಗೊತ್ತುಮಾಡಿದ ಅಳತೆಯದು: 180 ಮಿಲಿಮೀಟರ್ ಅಗಲ, 50 ಎತ್ತರ. ಹಳೆಯ ರೇಡಿಯೊಗಳು ಎರಡು ಗುಬ್ಬಿಗೆ ಎರಡು ತೂತು, ನಡುವೆ ಡಯಲಿಗೊಂದು ಕಿಂಡಿ, ಇಷ್ಟರಲ್ಲೇ ನೇತಾಡಿಕೊಂಡಿದ್ದವು. ಆ ಮೂರನ್ನೂ ಒಂದು ಮಾಡಿ ಕೊಯ್ದರೆ ಹೊಸದು ಸಲೀಸಾಗಿ ಕೂರುತ್ತದೆ, ಆದರೆ ಕೊಯ್ದ ತಗಡು ಮತ್ತೆ ಬೆಳೆಯುವುದಿಲ್ಲ. ಹಾಗೆ ಬಾಯಿ ಸೀಳಿಸಿಕೊಂಡ ಪದ್ಮಿನಿಗಳನ್ನು ನೋಡಿದ್ದೇನೆ. ರಾತ್ರಿ ಹೊತ್ತು ಒಳಗಿನಿಂದ ನೇರಳೆ, ಹಸಿರು ದೀಪಗಳು ಕುಣಿಯುತ್ತಿರುತ್ತವೆ. ಮನೆಯಲ್ಲಿ ಮದುವೆಯೂ ಇಲ್ಲ, ಊರಲ್ಲಿ ಜಾತ್ರೆಯೂ ಇಲ್ಲ, ದೀಪ ಮಾತ್ರ ಇದೆ. ಪೆನ್ಸಿಲ್ ಗೆರೆಯನ್ನು ಎಂಜಲು ಹಚ್ಚಿ ಒರೆಸಿ ಹೊರಟೆ.

ಎಸ್.ಪಿ. ರಸ್ತೆಯ ಸಂದಿಯೊಂದರಲ್ಲಿ ಕೂತಿದ್ದ ರೇಡಿಯೊ ರಿಪೇರಿಯ ಹಿರಿಯರ ಸಲಹೆ ನಯವಾಗಿತ್ತು. ‘ಮುಖ ಹಾಗೇ ಇರಲಿ. ಗುಬ್ಬಿ ತಿರುಗುತ್ತೆ, ಮುಳ್ಳು ಓಡಾಡುತ್ತೆ, ಒಳಗಿಂದು ಮಾತ್ರ ತೆಗೆದು ಬ್ಲೂಟೂತ್ ಬೋರ್ಡ್ ಕೂರಿಸ್ತೀನಿ.’ ವಿದೇಶಗಳಲ್ಲಿ ಹಳೆಯ ಕಾರಿನ ಮಂದಿ ಬಹಳವಾಗಿ ಮೆಚ್ಚಿದ ದಾರಿ ಇದು. ಹೊರಗಿಂದ ನೋಡಿದವರಿಗೆ ಸುಳಿವೇ ಸಿಗದು. ಕೆಲಸ ಚೆನ್ನಾದದ್ದೇ. ಆದರೂ ನನಗೆ ಒಗ್ಗಲಿಲ್ಲ. ಮುಳ್ಳನ್ನು 675ಕ್ಕೆ ತಂದು ನಿಲ್ಲಿಸಿದರೆ ಭದ್ರಾವತಿ ಬರಬೇಕು. ಬಾರದಿದ್ದರೆ ಕರಕರವಾದರೂ ಬರಬೇಕು. ‘ಯುವರ್ ಡಿವೈಸ್ ಈಸ್ ಕನೆಕ್ಟೆಡ್’ ಅಂತ ಒಬ್ಬಳು ಬರುವುದು ಅನ್ಯಾಯ.

ನನ್ನ ಪರದಾಟ ಏನೂ ಅಲ್ಲ ಅನ್ನಿಸುವಂತೆ ಮಾಡಿದ್ದು ಗೆಳೆಯನ ಮಾರಿಸ್ ಮೈನರ್. ಇಂಗ್ಲಿಷರು ಆ ಕಾಲದಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಮೈಗೆ ಕಟ್ಟುತ್ತಿದ್ದರು. ಉಳಿದ ಜಗತ್ತು ಕಟ್ಟುವುದು ಮೈನಸ್ಸನ್ನು. ಹೊಸ ರೇಡಿಯೊದ ತಗಡಿನ ಪೆಟ್ಟಿಗೆ ಮೈನಸ್. ಅದು ಮಾರಿಸ್ಸಿನ ಮೈಗೆ ಎಲ್ಲಿ ತಾಗಿದರೂ ಶಾರ್ಟು. ಗೆಳೆಯ ಹಟವಾದಿ. ರೇಡಿಯೊಗೆ ತೇಗದ ಮರದ ಚೌಕಟ್ಟು ಮಾಡಿಸಿದ, ಸ್ಕ್ರೂಗಳಿಗೆಲ್ಲ ರಬ್ಬರ್ ವಾಷರ್ ಹಾಕಿದ, ಮಡಿ ಉಟ್ಟವರನ್ನು ಪೇಟೆಯಲ್ಲಿ ನಡೆಸಿಕೊಂಡು ಹೋಗುವ ಎಚ್ಚರದಲ್ಲಿ ಅದನ್ನು ಡ್ಯಾಶ್‌ಬೋರ್ಡಿನೊಳಗೆ ಇಳಿಸಿದ. ಎಲ್ಲೂ ಏನೂ ತಾಗಿಲ್ಲ. ನೆಮ್ಮದಿಯಿಂದ ಹಿಂದುಗಡೆ ಏರಿಯಲ್ಲಿನ ಪಿನ್ನು ಸಿಕ್ಕಿಸಿದ. ಏರಿಯಲ್ಲಿನ ವೈರಿನ ಹೊರಕವಚ ರೇಡಿಯೊದ ಪೆಟ್ಟಿಗೆಗೆ ಸೇರುತ್ತದೆ. ಅದರ ಇನ್ನೊಂದು ತುದಿ ಮಡ್‌ಗಾರ್ಡಿಗೆ ಬೋಲ್ಟ್ ಆಗಿರುತ್ತದೆ. ಮೈಲಿಗೆ ಬಂದದ್ದು ಆ ದಾರಿಯಿಂದ. ಫ್ಯೂಸ್ ಹೋಯಿತು, ಒಂದಿಷ್ಟು ಹೊಗೆಯೂ ಬಂತು. ಕೊನೆಗೆ ಮೆಕ್ಯಾನಿಕ್ಕು ಬ್ಯಾಟರಿಯನ್ನೇ ತಿರುಗಿಸಿ ಕಟ್ಟಿ, ಡೈನಮೊದ ಫೀಲ್ಡ್ ತುದಿಗೆ ಬ್ಯಾಟರಿಯ ವೈರನ್ನು ಒಂದು ಕ್ಷಣ ತಾಗಿಸಿ ಕಿಡಿ ಹಾರಿಸಿ, ಅದರ ಕಾಂತ ಧ್ರುವಗಳನ್ನು ಅದಲುಬದಲು ಮಾಡಿದ. ಬದುಕಿನುದ್ದಕ್ಕೂ ಪ್ಲಸ್ ಎಂದು ನಂಬಿಕೊಂಡಿದ್ದ ಕಾರು ಒಂದು ಕ್ಷಣದಲ್ಲಿ ಮತಾಂತರವಾಯಿತು. ಗೆಳೆಯ ಈಗ ಅದರಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಾನೆ.

ನಮ್ಮ ಮನೆಯಲ್ಲಿ ರಾಜಿಯಾಯಿತು. ಮಾವನವರ ರೇಡಿಯೊಗೆ ಕೈ ಹಚ್ಚುವಂತಿಲ್ಲ. ಗ್ಲೋವ್ ಬಾಕ್ಸಿನೊಳಗೆ ಅಂಗೈಯಗಲದ ಒಂದು ಬ್ಲೂಟೂತ್ ಆಂಪ್ಲಿಫೈಯರ್, ಸೀಟಿನ ಕೆಳಗೆ ಎರಡು ಸ್ಪೀಕರ್. ಹಳೆಯ ರೇಡಿಯೊ ತನ್ನ ಒಂಟಿ ಸ್ಪೀಕರಿಗೆ ಒಂದೇ ವೈರು ಕೊಟ್ಟು, ವಾಪಸಿನ ದಾರಿಗೆ ಕಾರಿನ ಮೈಯನ್ನೇ ಬಳಸುವಂಥದ್ದು. ಹೊಸ ಆಂಪ್ಲಿಫೈಯರಿಗೆ ಆ ಸಲಿಗೆ ಆಗದು, ಸ್ಪೀಕರಿನ ವೈರು ಮೈಗೆ ತಾಗಿದರೆ ಅದು ಸುಟ್ಟೇಹೋಗುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ವೈರು, ಬೇರೆ ಬೇರೆ ಫ್ಯೂಸು. ಕಾಯಿಲಿಗೊಂದು, ಡೈನಮೊಗೊಂದು ಕಂಡೆನ್ಸರ್ ಹಾಕಿ ಕರಕರವನ್ನು ತಗ್ಗಿಸುತ್ತೇನೆಂದು ಎಲೆಕ್ಟ್ರಿಷಿಯನ್ ಹೇಳಿದ. ಸ್ವಲ್ಪ ಮಾತ್ರ ತಗ್ಗಿಸು ಅಂದೆ. ಅವನು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಅಲ್ಲಿಂದ ಅಧಿಕಾರ ಹಂಚಿಕೆ ತಾನಾಗಿಯೇ ಆಯಿತು. ಗ್ಲೋವ್ ಬಾಕ್ಸ್ ಇರುವುದು ಎಡಗಡೆ ಸೀಟಿನ ಮುಂದೆ. ಅಲ್ಲಿ ಕೂರುವವರ ಫೋನು, ಅವರ ಹಾಡು. ಗುಬ್ಬಿಗಳು ನನ್ನವು.

ಮೊನ್ನೆಯ ಮಳೆಯಲ್ಲಿ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಸಂಗ್ರಹಾಲಯ ನೋಡಿಕೊಂಡು ವಾಪಸು ಬರುತ್ತಿದ್ದೆವು. ಮಂಡ್ಯ ದಾಟುವ ಹೊತ್ತಿಗೆ ಗಾಡಿ ಎಳೆಯದಾಯಿತು, ಮೂರು ಕಾಲಿನ ಕುದುರೆಯ ಓಟ. ರಸ್ತೆ ಬದಿಯ ಶೆಡ್ಡಿನಲ್ಲಿದ್ದ ಮೆಕ್ಯಾನಿಕ್ಕು ವಯಸ್ಸಾದವನು. ಬಾನೆಟ್ ಎತ್ತಿ, ಒಳಗೆ ನೋಡದೆ, ಕಿಟಕಿಯ ಹತ್ತಿರ ಬಂದು, ‘ಗಜಲು ನಿಲ್ಸಿ ಅಮ್ಮಾ. ಸಾರ್, ನೀವು ರೇಡಿಯೊ ಹಾಕಿ’ ಅಂದ. ಯಾವ ಸ್ಟೇಷನ್ನು ಅಂದೆ. ‘ಯಾವ್ದೂ ಬರ್ದಿದ್ದ ಜಾಗ.’

ಮುಳ್ಳನ್ನು ಖಾಲಿ ಜಾಗಕ್ಕೆ ತಂದೆ. ಎಂಜಿನ್ ಓಡುತ್ತಿತ್ತು. ಅವನು ಒಂದು ಒಣ ಕಡ್ಡಿ ತೆಗೆದುಕೊಂಡು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಅಲುಗಿಸಿದ. ಮೊದಲನೆಯದು, ಅದೇ ಕರಕರ. ಎರಡನೆಯದಕ್ಕೂ ಅದೇ. ಮೂರನೆಯದನ್ನು ಮುಟ್ಟುತ್ತಿದ್ದಂತೆ ಸ್ಪೀಕರಿನಲ್ಲಿ ಪಟಾಕಿ ಸರ ಹಚ್ಚಿದಂತಾಯಿತು. ರಬ್ಬರ್ ಬಿರಿದು, ಮಳೆಯ ತೇವಕ್ಕೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಎಂಜಿನ್ನಿನ ಮೈಗೆ ಹಾರುತ್ತಿತ್ತು.

‘ಮೂರನೇ ವೈರು’ ಎಂದು ಅವನೂ ನಾನೂ ಒಟ್ಟಿಗೇ ಹೇಳಿದೆವು. ನನ್ನ ಸಂತೋಷಕ್ಕೆ ಪಾರವಿಲ್ಲ. ಅವನು ಹೊಸ ವೈರು ಹುಡುಕಲು ಒಳಗೆ ಹೋದ ಮೇಲೂ ನಾನು ರೇಡಿಯೊ ಆರಿಸಲಿಲ್ಲ. ಎಡಗಡೆಯಿಂದ ಗ್ಲೋವ್ ಬಾಕ್ಸ್ ತೆರೆದ ಸದ್ದು ಬಂತು.

‘ನಿಮ್ಮ ಕಚೇರಿ ಮುಗಿದಿದ್ದರೆ ನಾನು ಹಾಡು ಹಾಕಲಾ?’