ಏನೂ ಮಾಡಲ್ಲ ಸಾರ್!

ರಾಜಾಜಿನಗರದ ಸಣ್ಣ ಕೈಗಾರಿಕೋದ್ಯಮಿಯನ್ನು ಗುರುತಿಸಲು ಹಿಂದೆಲ್ಲ ಮೂರು ಲಕ್ಷಣ ಸಾಕಾಗುತ್ತಿತ್ತು. ಹಣೆಯಲ್ಲಿ ವಿಭೂತಿಯೋ ಕುಂಕುಮವೋ ಒಂದು, ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್, ಬಾಯಲ್ಲಿ ‘ಪಾರ್ಟಿಯಿಂದ ಪೇಮೆಂಟ್ ಬಂದಿಲ್ಲ’. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದಕ್ಕೇ ನಾಲ್ಕು ಕಾಲು.

ಇಂಡಸ್ಟ್ರಿಯಲ್ ಟೌನಿನ ಯಾವುದಾದರೂ ಷೆಡ್ಡಿಗೆ ಬೇರಿಂಗ್ ಮಾರಲೋ ಹಳೇ ಬಾಕಿ ಕೇಳಲೋ ಹೋಗಿ ನೋಡಿ. ಲೇತ್‌ಗಳ ಕಿರುಗುಟ್ಟುವಿಕೆ ದಾಟಿ, ಕಟಿಂಗ್ ಆಯಿಲ್ ವಾಸನೆ ದಾಟಿ, ಮೂಲೆಯ ಗಾಜಿನ ಕ್ಯಾಬಿನ್ ಬಾಗಿಲು ತಳ್ಳುತ್ತೀರಿ. ಮೇಜಿನಡಿಯಿಂದ ಮೂವತ್ತೈದು ಕಿಲೋ ತೂಕದ ಲ್ಯಾಬ್ರಡಾರ್ ಒಂದು ಎದ್ದು ಬಂದು ಮುಂಗಾಲೆರಡನ್ನೂ ನಿಮ್ಮ ಎದೆಯ ಮೇಲಿಡುತ್ತದೆ. ನಿಮ್ಮ ಕೈಲಿದ್ದ ಇನ್‌ವಾಯ್ಸ್ ನೆಲ ಸೇರುತ್ತದೆ. ಕುರ್ಚಿಯಿಂದ ಕದಲದೆ ಯಜಮಾನರು ಹೇಳುತ್ತಾರೆ:

‘ಏನೂ ಮಾಡಲ್ಲ ಸಾರ್, ಬನ್ನಿ ಬನ್ನಿ. ಓಡ್ಬೇಡಿ ಅಷ್ಟೆ.’

ಓಡಲು ಜಾಗವೆಲ್ಲಿದೆ? ಹಿಂದೆ ಬಾಗಿಲು, ಮುಂದೆ ಜೊಲ್ಲು. ‘ನಿಮಗೆ ಭಯ ಇದ್ರೆ ಅದಕ್ಕೆ ಗೊತ್ತಾಗುತ್ತೆ’ ಎಂದು ಎರಡನೆಯ ವಾಕ್ಯ ಬರುತ್ತದೆ. ಅಲ್ಲಿಗೆ ತಪ್ಪು ನಿಮ್ಮದಾಯಿತು. ಮೂರನೆಯದು, ‘ನಿಮ್ಮನ್ನ ಕಂಡ್ರೆ ಅದಕ್ಕೆ ಇಷ್ಟ ಆಗಿದೆ, ಎಲ್ರ ಹತ್ರ ಹೀಗೆ ಹೋಗಲ್ಲ.’ ಹಿಂದಿನ ವಾರ ಬಂದಿದ್ದ ಬ್ಯಾಂಕಿನವರಿಗೂ ಇದೇ ಪ್ರಶಸ್ತಿ ಸಿಕ್ಕಿತ್ತೆಂದು ಲೆಕ್ಕ ಬರೆಯುವ ಮೇಡಂ ಆಮೇಲೆ ಕಿವಿಯಲ್ಲಿ ಹೇಳುತ್ತಾರೆ. ಇಷ್ಟೆಲ್ಲ ಆದಮೇಲೆ ಬಾಕಿ ಕೇಳುವ ಗಂಡಸು ಈ ಭಾಗದಲ್ಲಿ ಇನ್ನೂ ಹುಟ್ಟಿಲ್ಲ.

ಇವರಿಗೆ ಹೆಸರಿಡುವುದು ಬೇಡ, ಯಜಮಾನರು ಎಂದರೆ ಸಾಕು. ಬಸವೇಶ್ವರನಗರದಲ್ಲಿ ಸ್ವಂತ ಮನೆ. ಬೆಳಿಗ್ಗೆ ಒಂಬತ್ತೂವರೆಗೆ ಹಾವನೂರು ವೃತ್ತದ ಸಿಗ್ನಲ್‌ನಲ್ಲಿ ಕಾರಿನ ಮುಂದಿನ ಸೀಟಿನಿಂದ ಕತ್ತು ಹೊರಚಾಚಿ ಗಾಳಿ ಕುಡಿಯುತ್ತಿರುವುದೇ ಇವರ ಚಾರ್ಲಿ. ಪಕ್ಕದ ಆಟೋದವನು ‘ಎಷ್ಟು ಸಾರ್ ಇದು?’ ಅನ್ನುತ್ತಾನೆ. ಬೆಲೆ ಹೇಳಿದರೆ ‘ದಿನಕ್ಕೆಷ್ಟು ತಿನ್ನುತ್ತೆ?’ ಅನ್ನುತ್ತಾನೆ. ಹಸುವಾಗಿದ್ದರೆ ಮೂರನೆಯ ಪ್ರಶ್ನೆಯೂ ಇರುತ್ತಿತ್ತು. ಕಾರ್ಡ್ ರೋಡಿನುದ್ದಕ್ಕೂ ಯಜಮಾನರ ಮುಖದಲ್ಲಿ ತೇರಿನ ಹಗ್ಗ ಹಿಡಿದವರ ಗಾಂಭೀರ್ಯ.

ಚಾರ್ಲಿ ಹುಟ್ಟುತ್ತಲೇ ಚಾರ್ಲಿಯಾಗಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಬ್ರೂನೋ ಎಂಬ ಹೆಸರಿನಿಂದ ಮನೆಗೆ ಬಂತು. 2022ರ ಜೂನಿನಲ್ಲಿ ‘777 ಚಾರ್ಲಿ’ ನೋಡಿಬಂದ ರಾತ್ರಿಯೇ ಯಜಮಾನರು ಹೆಸರು ಬದಲಿಸಿದರು. ಸಿನಿಮಾದ ಚಾರ್ಲಿ ಹೆಣ್ಣು, ಇದು ಗಂಡು ಎಂದು ಮಗಳು ನೆನಪಿಸಿದಳು. ‘ಆಗ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರೇ ಆ ಸಿನಿಮಾ ನೋಡಿ ಅತ್ತುಬಿಟ್ರು, ನಿಂದೇನು?’ ಎಂದು ಅವಳ ಬಾಯಿ ಮುಚ್ಚಿಸಿದರು. ನಾಯಿ ಆ ಹೆಸರಿಗೂ ತಿರುಗುತ್ತಿರಲಿಲ್ಲ, ಈ ಹೆಸರಿಗೂ ತಿರುಗುವುದಿಲ್ಲ. ಹಾಗಾಗಿ ಅದಕ್ಕೆ ತೊಂದರೆಯೇನೂ ಆಗಲಿಲ್ಲ.

ನಾಯಿಯನ್ನು ಷೆಡ್ಡಿಗೇಕೆ ತರುತ್ತೀರಿ ಎಂದು ಕೇಳಿದಿರೋ, ಯಜಮಾನರು ಮೊದಲು ಬಾಂಬೆ ಹೌಸಿಗೆ ಹೋಗುತ್ತಾರೆ. ಟಾಟಾ ಸಮೂಹದ ಆ ಕೇಂದ್ರ ಕಚೇರಿ 2018ರಲ್ಲಿ ನವೀಕರಣವಾದಾಗ ಬೀದಿನಾಯಿಗಳಿಗೆಂದೇ ಒಳಗೊಂದು ಕೋಣೆ ಕಟ್ಟಿಸಿದ್ದು, ‘ಗೋವಾ’ ಎಂಬ ನಾಯಿ ರತನ್ ಟಾಟಾ ಅವರ ಆಪ್ತನಾಗಿದ್ದದ್ದು ಅವರಿಗೆ ಕಂಠಪಾಠ. ಅಲ್ಲಿಂದ ಗೂಗಲ್. ತಾವು ನಾಯಿಯ ಕಡೆಯವರು ಎಂದು ಅವರು ತಮ್ಮ ನೀತಿಸಂಹಿತೆಯಲ್ಲೇ ಬರೆದುಕೊಂಡಿದ್ದಾರಂತೆ. ಆಫೀಸಿಗೆ ಬಂದರೆ ಬೆಕ್ಕುಗಳಿಗೆ ಟೆನ್ಷನ್ ಆಗುತ್ತದೆ ಎಂಬ ಕಾಳಜಿಯೂ ಅಲ್ಲಿದೆ. ಆಮೇಲೆ ಅಮೆಜಾನ್. ಡಾ. ರಾಜ್‌ಕುಮಾರ್ ರಸ್ತೆಯ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ, ಅಂದರೆ ಇವರ ಷೆಡ್ಡಿಗೆ ಕೂಗಳತೆಯಲ್ಲೇ, ಬಹುಕಾಲ ಕಚೇರಿ ಇಟ್ಟುಕೊಂಡಿದ್ದ ಕಂಪನಿ. ಅದರ ಸಿಯಾಟಲ್ ಆಫೀಸಿಗೆ ಆರಂಭದ ದಿನಗಳಲ್ಲಿ ರೂಫಸ್ ಎಂಬ ಕೋರ್ಗಿ ನಾಯಿ ದಿನಾ ಬರುತ್ತಿತ್ತು. ಮುಂದೆ ಅವರ ಆ್ಯಪಿನಲ್ಲಿ ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐಗೆ ಅದರದೇ ಹೆಸರಿಟ್ಟರು. ‘ನೋಡಿ, ನಾಯಿಗೂ ಪ್ರಮೋಷನ್ನು!’ ಎಂದು ಯಜಮಾನರು ಗಟ್ಟಿಯಾಗಿ ಹೇಳುವಾಗ ಬಾಗಿಲಾಚೆ ಹನ್ನೆರಡು ವರ್ಷದಿಂದ ‘ಅಸಿಸ್ಟೆಂಟ್’ ಆಗಿಯೇ ಉಳಿದಿರುವ ಫಿಟ್ಟರ್ ಒಬ್ಬ ಸ್ಪ್ಯಾನರ್ ಕೆಳಗಿಡುತ್ತಾನೆ. 2025ರಲ್ಲಿ ಹೈದರಾಬಾದಿನ ಸ್ಟಾರ್ಟ್‌ಅಪ್ ಒಂದು ಡೆನ್ವರ್ ಎಂಬ ಗೋಲ್ಡನ್ ರಿಟ್ರೀವರನ್ನು ‘ಚೀಫ್ ಹ್ಯಾಪಿನೆಸ್ ಆಫೀಸರ್’ ಮಾಡಿದ ಸುದ್ದಿ ಬಂದಮೇಲಂತೂ ಚಾರ್ಲಿಗೂ ಒಂದು ವಿಸಿಟಿಂಗ್ ಕಾರ್ಡ್ ಹೊಡೆಸುವ ಮಾತು ನಡೆದಿದೆ.

ಇಷ್ಟಕ್ಕೂ ಬಗ್ಗದಿದ್ದರೆ ಧರ್ಮರಾಯ ಬರುತ್ತಾನೆ. ನಾಯಿಯನ್ನು ಬಿಟ್ಟು ಒಳಗೆ ಬರಲಾರೆ ಎಂದು ಸ್ವರ್ಗದ ಬಾಗಿಲಲ್ಲೇ ನಿಂತವನು. ಕೆಂಗೇರಿಯಿಂದ ಮೆಟ್ರೊದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ಬರುವ ಅದೇ ಫಿಟ್ಟರ್ ಇದಕ್ಕೆ ಒಮ್ಮೆ ಮೆಲ್ಲಗೆ ಹೇಳಿದ್ದುಂಟು: ‘ಸ್ವರ್ಗದಲ್ಲಿ ಮಾತಾಡೋಕಾದ್ರೂ ಬಿಟ್ರು ಸಾರ್. ನಮ್ಮ ಮೆಟ್ರೊ ಗೇಟಲ್ಲಿ ನಿಂತಿದ್ರೆ ಧರ್ಮರಾಯ ವಾಪಸ್ ಹಸ್ತಿನಾವತಿಗೇ ಹೋಗ್ಬೇಕಿತ್ತು.’ ಮೆಟ್ರೊದಲ್ಲಿ ಸಾಕುಪ್ರಾಣಿಗೆ ಪ್ರವೇಶವಿಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ಉಂಟು. ಅಲ್ಲಿ ನಾಯಿಗೆ ಮೊದಲು ದೊಡ್ಡವರ ಪೂರ್ತಿ ಟಿಕೆಟ್ ಹರಿಯುತ್ತಿದ್ದರು, 2022ರ ನವೆಂಬರಿನಿಂದ ಅರ್ಧ. ಇದನ್ನು ಕೇಳಿ ಯಜಮಾನರು ನೊಂದುಕೊಂಡರು. ಉಳಿತಾಯವಾಯಿತೆಂದು ಸಂತೋಷಪಡುವುದೋ, ಚಾರ್ಲಿಯ ದರ್ಜೆ ಇಳಿಯಿತೆಂದು ದುಃಖಪಡುವುದೋ ಅವರಿಗೆ ಬಗೆಹರಿಯಲಿಲ್ಲ.

ನಿಜವಾದ ಕಾರಣ ಟಾಟಾ ಅಲ್ಲ, ಧರ್ಮರಾಯನೂ ಅಲ್ಲ. ನಾಯಿ ತಂದ ಮಗ ಕೆನಡಾಕ್ಕೆ ಹೋದ. ಮಗಳು ಮದುವೆಯಾಗಿ ವೈಟ್‌ಫೀಲ್ಡಿಗೆ ಹೋದಳು, ಬೆಂಗಳೂರಿನ ದಟ್ಟಣೆಯಲ್ಲಿ ಅದೂ ಕೆನಡಾದಷ್ಟೇ ದೂರ. ಉಳಿದವರು ಮೂವರು. ಅವರಲ್ಲಿ ಒಬ್ಬರು ಮಡಿಯುಟ್ಟು ಬೆಳಗಿನ ಪೂಜೆ ಮಾಡುವವರು. ಮಡಿಸೀರೆಗೆ ಚಾರ್ಲಿ ಬಾಲ ತಾಗಿಸಿದ ದಿನ ಮನೆಯಾಕೆ ಒಂದೇ ಮಾತು ಹೇಳಿದರು: ‘ಇಬ್ರಲ್ಲಿ ಯಾರಾದ್ರೂ ಒಬ್ರು ಬೆಳಿಗ್ಗೆ ಹೊತ್ತು ಮನೇಲಿರ್ಬಾರ್ದು.’ ಯಾರೆಂದು ಅವರು ಬಿಡಿಸಿ ಹೇಳಲಿಲ್ಲ. ಯಜಮಾನರು ಅಪಾಯಕ್ಕೆ ಕೈಹಾಕದೆ ಇಬ್ಬರೂ ಹೊರಡುವುದೆಂದು ತೀರ್ಮಾನಿಸಿದರು. ಈ ಭಾಗದ ಷೆಡ್ಡು, ಆಫೀಸುಗಳಿಗೆ ಬರುವ ಮುಕ್ಕಾಲುಪಾಲು ನಾಯಿಗಳ ಹಿಂದೆ ಇಂಥದೇ ಒಬ್ಬ ಕೆನಡಾದ ಮಗ, ಇಂಥದೇ ಒಂದು ಮಡಿಸೀರೆ ಇದೆ ಎಂಬುದು ನನ್ನ ಅಂದಾಜು.

ಬೇರೆ ತಳಿಯ ಯಜಮಾನರೂ ಇದ್ದಾರೆ. ಬಸವೇಶ್ವರನಗರದ ಆಡಿಟರ್ ಒಬ್ಬರ ಪಗ್ ಸದಾ ಜಿಎಸ್‌ಟಿ ಫೈಲಿನ ಮೇಲೇ ಮಲಗುತ್ತದೆ. ಮುಖ ಹೇಗೂ ನೋಟಿಸ್ ಬಂದವರ ಮುಖ. ವಿಜಯನಗರದಲ್ಲಿ ಕೆಎಎಸ್ ಕೋಚಿಂಗ್ ನಡೆಸುವವರೊಬ್ಬರ ಬೀಗಲ್ ಮೂರು ಬ್ಯಾಚಿನ ಸಂವಿಧಾನ ಪಾಠ ಕೇಳಿ ಮುಗಿಸಿದೆ. ಪ್ರಿಲಿಮ್ಸ್ ಮುಂದೆ ಹೋದ ದಿನ ಇಡೀ ತರಗತಿಯಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆದದ್ದು ಅದೊಂದೇ. ಆದರೆ ಇವರೆಲ್ಲ ಬಾಡಿಗೆ ಕಟ್ಟಡದವರು. ಓನರ್ ಬಂದಾಗ ನಾಯಿಯನ್ನು ಬಚ್ಚಲಿನಲ್ಲಿ ಬಚ್ಚಿಡುತ್ತಾರೆ. ಪೂರ್ಣಾವತಾರ ನೋಡಬೇಕಾದರೆ ಷೆಡ್ಡಿಗೇ ಬರಬೇಕು.

ಷೆಡ್ಡಿನಲ್ಲಿ ಎ.ಸಿ. ಇರುವುದು ಕ್ಯಾಬಿನ್ನಿಗೆ ಮಾತ್ರ. ಮೊದಲು ಬ್ಯಾಂಕಿನವರು ಬಂದಾಗಷ್ಟೇ ಹಾಕುತ್ತಿದ್ದರು. ಈಗ ಹತ್ತಕ್ಕೆ ಶುರುವಾದರೆ ಸಂಜೆವರೆಗೆ, ಯಾಕೆಂದರೆ ಲ್ಯಾಬ್ರಡಾರ್ ಸೆಕೆ ತಡೆಯುವುದಿಲ್ಲ. ಏಪ್ರಿಲ್ ಬಂತೆಂದರೆ ಕಾರ್ಮಿಕರಿಗೆ ಡ್ರಾಯಿಂಗಿನಲ್ಲಿ ವಿಪರೀತ ಅನುಮಾನಗಳು ಹುಟ್ಟಿ ಪದೇಪದೇ ಕ್ಯಾಬಿನ್ನಿಗೆ ಬರುತ್ತಾರೆ. ರಜೆ ಕೇಳುವುದಕ್ಕೂ ಶಾಸ್ತ್ರವಿದೆ. ಚಾರ್ಲಿ ಯಜಮಾನರ ತೊಡೆಯ ಮೇಲೆ ತಲೆಯಿಟ್ಟ ಹೊತ್ತು ಶುಭ, ಆಗ ಮೂರು ದಿನ ಕೇಳಿದರೂ ಸಿಗುತ್ತದೆ. ಚಾರ್ಲಿ ಊಟ ಬಿಟ್ಟ ದಿನ ರಾಹುಕಾಲ. ಕಾರ್ಮಿಕರಿಗೆ ಇಎಸ್‌ಐ ಇದೆ, ಚಾರ್ಲಿಗೆ ಡಾಕ್ಟರೇ ಮನೆಗೆ ಬರುತ್ತಾರೆ. ಅದರ ತಿಂಡಿಯ ಖರ್ಚನ್ನು ಎಲ್ಲಿ ಬರೆಯುವುದೆಂದು ತಿಳಿಯದೆ ಲೆಕ್ಕದ ಮೇಡಂ ‘ಸೆಕ್ಯುರಿಟಿ ಚಾರ್ಜಸ್’ ಎಂದು ಬರೆದಿದ್ದರು. ಬಿಲ್ಲು ತಿರುವಿಹಾಕಿದ ಆಡಿಟರ್ ಕನ್ನಡಕ ತೆಗೆದು, ‘ನಿಮ್ಮ ಸೆಕ್ಯುರಿಟಿಯವರು ಪೆಡಿಗ್ರೀ ತಿಂತಾರೇನಮ್ಮಾ?’ ಎಂದರು.

ಯಜಮಾನರು ನಾಯಿಯೊಂದಿಗೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ‘ಸಿಟ್’ ಅಂದರೆ ಅದು ನಿಲ್ಲುತ್ತದೆ, ‘ಸ್ಟೇ’ ಅಂದರೆ ಹೊರಡುತ್ತದೆ. ಮಧ್ಯಾಹ್ನ ಕೆಂಗೇರಿಯ ಫಿಟ್ಟರ್ ಡಬ್ಬಿ ಮುಚ್ಚಳ ತೆಗೆದು ‘ಬಾರ್ಲಾ ಇಲ್ಲಿ’ ಅಂದಾಗ ಮಾತ್ರ ನೇರವಾಗಿ ಬಂದು, ಕಾಲು ಮಡಿಸಿ, ಶಿಸ್ತಾಗಿ ಕೂರುತ್ತದೆ. ಮುದ್ದೆಯ ಕೊನೆಯ ತುತ್ತು ಅದರದು. ‘ಮನುಷ್ಯರು ತಿನ್ನೋದು ಹಾಕ್ಬೇಡ್ರೋ, ಅದಕ್ಕೆ ಡಯಟ್ ಇದೆ’ ಎಂದು ಯಜಮಾನರು ಕ್ಯಾಬಿನ್ನಿನಿಂದಲೇ ಕೂಗುತ್ತಾರೆ. ಅಷ್ಟರಲ್ಲಿ ಸಾಕ್ಷ್ಯ ನಾಶವಾಗಿರುತ್ತದೆ.

ಇನ್ನು ಕಾವಲು. ಅದನ್ನು ನೋಡಿಕೊಳ್ಳುವವನು ಗೇಟಿನ ಬಳಿಯ ಕರಿಯ. 2023ರ ಗಣತಿಯಲ್ಲಿ ಬಿಬಿಎಂಪಿ ಲೆಕ್ಕ ಹಾಕಿದ ಎರಡು ಲಕ್ಷ ಎಪ್ಪತ್ತೊಂಬತ್ತು ಸಾವಿರ ಬೀದಿನಾಯಿಗಳಲ್ಲಿ ಅವನೂ ಒಬ್ಬನಿರಬೇಕು. ಒಂದು ಕಿವಿಯ ತುದಿ ಕತ್ತರಿಸಿದೆ, ಅಂದರೆ ಆಪರೇಷನ್ ಆಗಿದೆ. ಮಸ್ಟರ್ ರೋಲಿನಲ್ಲಿ ಹೆಸರಿಲ್ಲ, ಸಂಬಳವಿಲ್ಲ, ರಾತ್ರಿ ಪಾಳಿ ತಪ್ಪಿಸಿದ್ದಿಲ್ಲ. ಅಪರಿಚಿತರು ಬಂದಾಗ ಕರಿಯ ಬೊಗಳುತ್ತಾನೆ. ಒಳಗೆ ಚಾರ್ಲಿ ಒಂದು ಕಣ್ಣು ತೆರೆದು, ಯಾರದು ಗಲಾಟೆ ಎಂಬಂತೆ ಯಜಮಾನರ ಮುಖ ನೋಡುತ್ತದೆ. 2025ರ ಜುಲೈಯಲ್ಲಿ ಬೀದಿನಾಯಿಗಳಿಗೆ ಬಿಬಿಎಂಪಿ ಚಿಕನ್ ಅನ್ನ ಹಾಕಿಸುವ ಸುದ್ದಿ ಪೇಪರಿನಲ್ಲಿ ಬಂದ ದಿನ ಫಿಟ್ಟರ್ ಅದನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದ. ನಾಯಿಯೊಂದಕ್ಕೆ ನೂರೈವತ್ತು ಗ್ರಾಂ ಚಿಕನ್, ನೂರು ಗ್ರಾಂ ಅಕ್ಕಿ, ನೂರು ಗ್ರಾಂ ತರಕಾರಿ, ಊಟಕ್ಕೆ 22 ರೂಪಾಯಿ 42 ಪೈಸೆ. ಎಲ್ಲರೂ ಒಮ್ಮೆ ತಮ್ಮ ಡಬ್ಬಿ ನೋಡಿಕೊಂಡರು. ಕರಿಯ ಗೇಟಿನಲ್ಲಿ ಬನ್ ತಿನ್ನುತ್ತಿದ್ದ.

ದುಡಿಯುವ ನಾಯಿ ಬೇಕಿದ್ದರೆ ನಮ್ಮ ನಾಡಿಗೆ ಕೊರತೆಯೇನಿಲ್ಲ. ಮುಧೋಳದ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲೇ ಬಂದಿದೆ. ದಾವಣಗೆರೆ ಪೊಲೀಸರ ತುಂಗಾ 2020ರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿಯನ್ನು ಹಿಡಿದುಕೊಟ್ಟಿತು. ಇದನ್ನು ಹೇಳಿದರೆ ಯಜಮಾನರು, ‘ಓಡೋ ನಾಯಿ ನಮಗ್ಯಾಕೆ ಸಾರ್? ಓಡೋಕೆ ಲೇಬರ್ ಇದಾರೆ’ ಎನ್ನುತ್ತಾರೆ.

ಒಮ್ಮೆ ನಾನು, ಮಾತಿಗೆ ಮಾತು ಬಂತೆಂದು, ಆತಕೂರಿನ ಶಾಸನದ ವಿಷಯ ತೆಗೆದೆ. ಮದ್ದೂರು ತಾಲ್ಲೂಕಿನ ಆತಕೂರು, ಹತ್ತನೆಯ ಶತಮಾನದ ಮಧ್ಯಭಾಗ. ತಕ್ಕೋಲದ ಕದನದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೆರ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿ ಕೇಳಿದ. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಾಗ, ಅದಕ್ಕೆ ವೀರಗಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಊಟ ಮಾಡಿದರೆ ಪಾಪ ಎಂದೂ ಬರೆಸಿದ. ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ, ಅದರ ಮೇಲೆ ಹಂದಿಯೂ ನಾಯಿಯೂ ಇವತ್ತಿಗೂ ಜಗಳವಾಡುತ್ತಿವೆ.

ಯಜಮಾನರ ಕಣ್ಣು ತುಂಬಿಬಂತು. ಚಾರ್ಲಿಯ ತಲೆ ನೇವರಿಸಿದರು. ಮರುದಿನವೇ ಎಲ್ಲರನ್ನೂ ಕರೆದು ನಿಲ್ಲಿಸಿ ಇಡೀ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದರಂತೆ. ಕೊನೆಗೆ ತಾವೇ ಒಂದು ವ್ಯಾಖ್ಯಾನ ಸೇರಿಸಿದರಂತೆ: ‘ನೋಡ್ರಪ್ಪಾ, ಆ ಕಾಲದಲ್ಲಿ ಕೆಲಸ ಮಾಡೋರು ದುಡ್ಡು ಕೇಳ್ತಿರ್ಲಿಲ್ಲ.’

ಅದು ಆಯುಧಪೂಜೆಗೆ ಹದಿನೈದು ದಿನ ಮುಂಚೆ.

ಪೂಜೆಯ ದಿನ ನಾನೂ ಹೋಗಿದ್ದೆ. ಲೇತಿಗೆ, ಡ್ರಿಲ್ಲಿಂಗ್ ಮಷೀನಿಗೆ, ಕಾರಿಗೆ ಸೇವಂತಿಗೆ ಹಾರ, ಬಾಳೆಕಂದು. ಬಾಗಿಲಲ್ಲಿ ಒಡೆದ ಬೂದುಗುಂಬಳ. ಚಾರ್ಲಿಯ ಹಣೆಗೂ ಕುಂಕುಮ, ಕೊರಳಿಗೆ ಹಾರ. ಹಾರದ ಅರ್ಧ ಆಗಲೇ ಹೊಟ್ಟೆಯಲ್ಲಿ. ಕಡ್ಲೆಪುರಿ, ಸ್ವೀಟ್ ಬಾಕ್ಸ್ ಹಂಚಿದ್ದಾಯಿತು. ಬೋನಸ್ಸಿನ ಸುದ್ದಿಯೇ ಇಲ್ಲ. ‘ಈ ವರ್ಷ ಪಾರ್ಟಿಯಿಂದ ಪೇಮೆಂಟು...’ ಎಂದು ಯಜಮಾನರು ಶುರುಮಾಡುವಷ್ಟರಲ್ಲಿ ಫಿಟ್ಟರ್ ಕೈಮುಗಿದು ಮುಂದೆ ಬಂದ.

‘ದುಡ್ಡು ಬೇಡ ಸಾರ್. ನೀವು ಹೇಳಿದ್ರಲ್ಲ ಕಥೆ, ಯೋಚ್ನೆ ಮಾಡ್ದೆ. ನಂಗೆ ಚಾರ್ಲಿ ಕೊಟ್ಬಿಡಿ.’

ಎಲ್ಲರೂ ನಕ್ಕರು. ಅವನು ನಗಲಿಲ್ಲ. ‘ಬಾರ್ಲಾ’ ಎಂದು ಗೇಟಿನ ಕಡೆ ನಡೆದ. ಚಾರ್ಲಿ ಬಾಲ ಅಲ್ಲಾಡಿಸಿಕೊಂಡು ಹಿಂದೆಯೇ ಹೊರಟಿತು. ಯಜಮಾನರು ‘ಸ್ಟೇ!’ ಎಂದರು. ಅದು ಹೆಜ್ಜೆ ಚುರುಕು ಮಾಡಿತು. ‘ಚಾರ್ಲೀ!’ ಎಂದರು. ಗಾಬರಿಯಲ್ಲಿ ‘ಬ್ರೂನೋ!’ ಎಂದೂ ಕರೆದರು. ಇಬ್ಬರೂ ಗೇಟು ದಾಟಿ, ಕರಿಯನನ್ನೂ ಜೊತೆಗೆ ಕರೆದುಕೊಂಡು, ರಾಜಾಜಿನಗರ ಮೆಟ್ರೊ ಸ್ಟೇಷನ್ನಿನ ಕಡೆ ತಿರುಗಿದಾಗ ಯಜಮಾನರು ಕ್ಯಾಬಿನ್ನಿನ ಕಡೆ ಓಡಿದರು.

‘ಮೇಡಂ, ಆ ಬೋನಸ್ ವೋಚರ್ ತಗೊಂಬನ್ನಿ! ಎಂಟು ಪಾಯಿಂಟ್ ಮೂವತ್ತಮೂರು ಅಲ್ಲ, ಹತ್ತು ಪರ್ಸೆಂಟ್ ಹಾಕಿ!’